ಒಲದಮ್ಮ

ಖಾಲಿ ಲಾರಿ ಎಂಟು ಟನ್ನು, ನಾನೂರ ಹತ್ತು ಕಿಲೋ.
ಚೀಟಿ ಬರೆದಿಟ್ಟುಕೊಂಡು ಕಾಯುತ್ತಿದ್ದೆ.
ಮಧ್ಯಾಹ್ನ ಮೂರಕ್ಕೆ ಮತ್ತೆ ಬಂದು ಕಾಟಾದ ಮೇಲೆ ನಿಂತಿತು.
ಹಿಂದೆ, ಹಗ್ಗ ಬಿಗಿದು ಮಗ್ಗುಲಾಗಿ ಮಲಗಿಸಿದ
ಸಿರುಗುಪ್ಪದ ಕಡೆಯ ಜಿನ್ನು.

ಗುಜರಿ ಯರ್ರಿಸ್ವಾಮಿ ಕೇಳಿದ: ‘ಮಾಲು ಅಂತ ಏನ್ ಬರೀತಿ?’
ಪೆನ್ನು ತಡೆಯಿತು.
ಎರಕದ ಅದರ ಹಣೆಯ ಮೇಲೆ ಉಬ್ಬಿದ ಆರು ಇಂಗ್ಲಿಷ್ ಅಕ್ಷರ,
ಅದು ಹುಟ್ಟಿದ ಊರಿನ ಹೆಸರಂತೆ, ‘ಓಲ್ಡಾಮ್’.
ಫಿಟ್ಟರ್ ಶೇಕ್ಷಾವಲಿ ಒಮ್ಮೆ ಓದಿ ಹೇಳಿದ್ದ,
ಪಟ್ಟಾದ ಗದ್ದಲದಲ್ಲಿ, ಕೂಗಿ.
ನಮ್ಮವ್ವ ಹಂಪಮ್ಮನಿಗೆ ಕೇಳಿಸಿದ್ದು: ಒಲದಮ್ಮ.

ಹೊಲದಮ್ಮ, ಅಂದರೆ.
ಹಕಾರ ನಮ್ಮ ಕಡೆ ನಾಲಿಗೆಗೆ ಹತ್ತುವುದಿಲ್ಲ.
ಮರುದಿನವೇ ಅರಿಶಿನ ತಂದು ಆರಕ್ಷರಕ್ಕೂ ಬಳಿದಳು.
ಎರೆಹೊಲದ ಹತ್ತಿ ಉಣ್ಣುವವಳು
ಹೊಲದ ತಾಯಲ್ಲದೆ ಇನ್ಯಾರು?
ಆ ವಾದಕ್ಕೆ ಮೇಸ್ತ್ರಿ ಗಾದಿಲಿಂಗನೂ ತಲೆ ಬಾಗಿಸಿದ.
ಅವನು ಬೇರೆ ಯಾವುದಕ್ಕೂ ಬಾಗಿಸಿದವನಲ್ಲ.

ಮಾಘದಲ್ಲಿ ಬಂಡಿಗಳು ಬರುತ್ತಿದ್ದವು
ಹಗರಿಯ ಉಸುಕು ದಾಟಿ, ಅಂಡಿಗೆ ಹೊತ್ತು,
ಒಂದರ ಹಿಂದೊಂದು,
ಹಿಂದಿನ ಎತ್ತುಗಳ ಮೂತಿ ಮುಂದಿನ ಬಂಡಿಯ ಹತ್ತಿಯಲ್ಲಿ.
ನಾಲ್ಕರ ಭೋಂಗಾಕ್ಕೆ ಊರು ಏಳುತ್ತಿತ್ತು.
ಹಾಲು, ಪರೀಕ್ಷೆ, ಹೆರಿಗೆ, ಎಲ್ಲಕ್ಕೂ ಅದೇ ಗಡಿಯಾರ.
ನನ್ನನ್ನು ಹೆತ್ತದ್ದು ‘ಎರಡನೇ ಭೋಂಗಾ ಆದಮ್ಯಾಲೆ, ಚಾ ಬರೋಕ್ ಮುಂಚೆ’.
ಶಾಲೆಯವರು ಅದನ್ನು ಬರೆದುಕೊಳ್ಳಲಿಲ್ಲ.

ಅರಳಿ ಒಂದು ಕಡೆ, ಕಾಳು ಒಂದು ಕಡೆ:
ಒಲದಮ್ಮನಿಗೆ ಗೊತ್ತಿದ್ದ ನ್ಯಾಯ ಅಷ್ಟೇ.
ಕಾಳು ಎಮ್ಮೆಗೆ, ಅರಳಿ ಮುಂಬಯಿಗೆ,
ನಡುವಿನ ಧೂಳು ನಮ್ಮವ್ವನ ಎದೆಗೆ.

ರೋಲರಿಗೆ ಸುತ್ತಿದ ತೊಗಲು
ಯಾವುದೋ ಹಿಮದ ಕಡಲಿನ, ಕೋರೆಯಿರುವ ಪ್ರಾಣಿಯದೆಂದು
ಶೇಕ್ಷಾವಲಿ ಹೇಳಿದರೆ ಹೆಂಗಸರು ನಗುತ್ತಿದ್ದರು.
ಕಡಲು ಕಾಣದವರು. ಆದರೂ
ರೊಟ್ಟಿ ಬಿಚ್ಚುವ ಹೊತ್ತಿಗೆ ಯಾರೋ ಒಬ್ಬಳು
ಆ ತೊಗಲನ್ನು ಒಂದು ಸಲ ಸವರಿ ಹೋಗುತ್ತಿದ್ದಳು:
‘ಪಾಪ, ಎಲ್ಲಿಂದ ಬಂತೋ.’

ನಲವತ್ತು ಜಿನ್ನಿನ ಸದ್ದು ಅವ್ವನ ಕಿವಿ ತಿಂದಿತು.
ಹಾಗಾಗಿ ನಮ್ಮ ಮನೆಯಲ್ಲಿ ಗುಟ್ಟು ಎಂಬುದಿರಲಿಲ್ಲ.
ಅಕ್ಕ ಮೈನೆರೆದದ್ದು, ಅಪ್ಪ ಓಸಿ ಆಡಿದ್ದು, ಉಪ್ಪು ಮುಗಿದದ್ದು
ಎಲ್ಲವೂ ಒಂದೇ ಕೂಗಿನಲ್ಲಿ ಓಣಿಗೆ ಗೊತ್ತು.

ಆಮೇಲೆ ಕಾಲುವೆ ನೀರು ಹೊಲಹೊಲಕ್ಕೆ ಹರಿದು
ಎರೆಮಣ್ಣು ಸೋನಾಮಸೂರಿ ಕಲಿತಿತು.
ಜಿನ್ನಿನ ಅರ್ಧ ಷೆಡ್ಡು ರೈಸ್‌ಮಿಲ್ಲಾಯಿತು.
ಅವ್ವನ ತಲೆಯಿಂದ ಅರಳಿ ಹೋಗಿ ತೌಡು ಬಂದು ಕೂತಿತು,
ದೂರದಿಂದ ನೋಡಿದವರಿಗೆ ಎರಡೂ ನರೆಯೇ.
ಭೋಂಗಾ ನಿಂತ ದಿನ ಯಾವುದೋ, ಯಾರಿಗೂ ನೆನಪಿಲ್ಲ.
ಎಲ್ಲರೂ ತಡವಾಗಿ ಎದ್ದರಂತೆ, ಅಷ್ಟೇ.

‘ಏನ್ ಬರದಿ?’ ಯರ್ರಿಸ್ವಾಮಿ ಇಣುಕಿದ.
ಹಳೇ ಕಬ್ಬಿಣ ಎಂದು ಬರೆದೆ. ಬರೆಯಲೇಬೇಕಿತ್ತು,
ದರ ಇರುವುದು ಅದಕ್ಕೆ.
ಶಾಫ್ಟು ಚಕ್ರ ಸೇರಿ ಒಂದು ಟನ್ನು ಇನ್ನೂರ ಅರವತ್ತು.
‘ಮೂರು ಕಿಲೋ ವಜಾ ಹಿಡಿ’ ಅಂದ, ಉಗುರಿನಿಂದ ಕೆರೆದು ತೋರಿಸಿ.
ಅಕ್ಷರಗಳೇ ಮುಚ್ಚುವಷ್ಟು ಅರಿಶಿನ ಕುಂಕುಮ,
ಐವತ್ತು ಆಯುಧಪೂಜೆಯ ಪದರು,
ನಡುನಡುವೆ ಎಣ್ಣೆ, ಅರಳಿಯ ಎಳೆ.
‘ಇದು ಕಬ್ಬಿಣ ಅಲ್ಲಲ್ಲ.’

ಅಲ್ಲ.
ತೇವಕ್ಕೆ, ಎಲೆಚೂರಿಗೆ, ದೇವರಿಗೆ ಎಂದು
ದಲಾಲರು ಎಷ್ಟೆಲ್ಲ ವಜಾ ಹಿಡಿದ ಊರು ಇದು.
ಮೂರು ಕಿಲೋ ಹಿಡಿದೆ.

ರಾತ್ರಿ ಅವ್ವನ ಕಿವಿಗೆ ಬಾಯಿಟ್ಟು ಕೂಗಿದೆ:
ಒಲದಮ್ಮ ಹೋದಳು, ಒಂದು ಟನ್ನು ಇನ್ನೂರ ಐವತ್ತೇಳು.
ಅವಳು ಬೆರಳು ಮಡಚಿ ಏನೋ ಎಣಿಸಿದಳು,
ಎಷ್ಟು ವರ್ಷ, ದಿನಕ್ಕೆ ಎಷ್ಟು ಮಣ ಹತ್ತಿ.
ಯಾವುದೂ ತಾಳೆಯಾಗದೆ
ಇಡೀ ಓಣಿಗೆ ಕೇಳುವಂತೆ ಅಂದಳು:
‘ಸುಳ್ಳು ಐತಿ ಬಿಡು.
ನಿನ್ನ ಕಾಟಾ ರಿಪೇರಿ ಮಾಡಿಸು.’